ಆಸ್ಪತ್ರೆ ಚೀಟಿಯಲ್ಲಿ ಇನ್ನೊಂದು ಕಾಲಂ ಬೇಕು: ‘ಮನೆಯಲ್ಲಿ ಯಾರಿದ್ದಾರೆ?’

ಸಂಪಾದಕರಿಗೆ ನಮಸ್ಕಾರ.

ನವೆಂಬರ್ 14ರಂದು ಮಧುಮೇಹ ದಿನ ಅಂತ ನಿಮ್ಮ ಪತ್ರಿಕೆ ಒಂದು ಇಡೀ ಪುಟ ಕೊಟ್ಟಿತ್ತು. ಪೂರ್ತಿ ಓದಿದೆ. ಅವತ್ತೇ ಮಕ್ಕಳ ದಿನವೂ ಆದ್ದರಿಂದ ಪಕ್ಕದ ಮನೆ ಮಗು ಬಂದು ನನ್ನ ಕೈಗೆ ಒಂದು ಚಾಕೊಲೇಟ್ ಇಟ್ಟು ಹೋಯಿತು. ಅದಿರಲಿ. ಪುಟದ ತುಂಬ ಫೋಟೊಗಳಿದ್ದವು. ಒಂದರಲ್ಲಿ ಅಜ್ಜಿ ಮೊಮ್ಮಗಳ ಕೈ ಹಿಡಿದು ವಾಕಿಂಗ್ ಹೊರಟಿದ್ದಾರೆ. ಇನ್ನೊಂದರಲ್ಲಿ ಸೊಸೆ ಮಾವನಿಗೆ ಸೌತೆಕಾಯಿ ಹೆಚ್ಚಿ ಕೊಡುತ್ತಿದ್ದಾಳೆ. ಸಲಹೆಗಳೂ ಅದೇ ಧಾಟಿ. ಮನೆಯವರಿಗೆ ಹೇಳಿ ಎಣ್ಣೆ ಕಮ್ಮಿ ಮಾಡಿಸಿಕೊಳ್ಳಿ, ಮಾತ್ರೆ ಮರೆತರೆ ಮನೆಯವರು ನೆನಪಿಸಲಿ. ಒಳ್ಳೆಯ ಮಾತೇ. ಆದರೆ ಮನೆಯವರು ಅಂತ ಯಾರೂ ಇಲ್ಲದವನಿಗೆ ಆ ಪುಟದಲ್ಲಿ ಒಂದು ಸಾಲೂ ಇರಲಿಲ್ಲ. ಅದಕ್ಕೇ ಈ ಪತ್ರ.

ನನಗೆ 74 ವರ್ಷ. ಕೆಎಸ್‌ಆರ್‌ಟಿಸಿಯಲ್ಲಿ ಕಂಡಕ್ಟರ್ ಆಗಿದ್ದೆ. ಹೆಚ್ಚು ವರ್ಷ ಹಾಸನ–ಮೈಸೂರು ರೂಟು. ಹೊಳೆನರಸೀಪುರ, ಭೇರ್ಯ, ಕೆ.ಆರ್. ನಗರ, ಇಲವಾಲ. ನಿದ್ದೆಯಲ್ಲೂ ಸ್ಟೇಜ್ ಕೂಗ್ತೀರಿ ಅಂತ ಹೆಂಡತಿ ಬೈಯುತ್ತಿದ್ದಳು. ಈಗ ಕೂಗುತ್ತೇನೋ ಇಲ್ಲವೋ, ಹೇಳುವವರಿಲ್ಲ.

ಸಕ್ಕರೆ ಕಾಯಿಲೆ ಗೊತ್ತಾಗಿದ್ದು 2004ರಲ್ಲಿ. ಮೈಸೂರು ಮುಟ್ಟುವಷ್ಟರಲ್ಲಿ ಮೂತ್ರಕ್ಕೆ ಅಂತ ಎರಡು ಮೂರು ಸಲ ಗಾಡಿ ನಿಲ್ಲಬೇಕಿತ್ತು. ‘ಸ್ವಲ್ಪ ನಿಲ್ಸಿ’ ಅಂತ ಪ್ಯಾಸೆಂಜರ್ ಕೇಳೋದು ಲೋಕರೂಢಿ, ನಮ್ಮ ಗಾಡಿಯಲ್ಲಿ ಕಂಡಕ್ಟರೇ ಕೇಳುತ್ತಿದ್ದ. ಕೊನೆಗೆ ನಮ್ಮ ಡ್ರೈವರ್ರೇ ಹೇಳಿದರು, ‘ಒಂದ್ಸಲ ಶುಗರ್ ನೋಡ್ಸಿ ಮಾರಾಯ್ರೆ’ ಅಂತ. ನೋಡಿಸಿದೆ. ಇತ್ತು. ಅಲ್ಲಿಂದ 15 ವರ್ಷ ಕಾಯಿಲೆ ನನ್ನದು, ಲೆಕ್ಕ ಹೆಂಡತಿಯದು. ಮಾತ್ರೆ ಎಷ್ಟು ಹೊತ್ತಿಗೆ, ಮುದ್ದೆ ಎಷ್ಟು ಗಾತ್ರ, ಕಾಳು ಎಷ್ಟು, ಸೊಪ್ಪು ಎಷ್ಟು, ಎಲ್ಲ ಅವಳ ತಲೆಯಲ್ಲಿತ್ತು. 2019ರ ದೀಪಾವಳಿ ಕಳೆದು ಹದಿನೈದು ದಿನಕ್ಕೆ ಅವಳು ಹೋಗಿಬಿಟ್ಟಳು. ಮಗಳು ಪುಣೆಯಲ್ಲಿದ್ದಾಳೆ. ಬಂದುಬಿಡಿ ಅಪ್ಪಾ ಅಂದಳು. ಯುಗಾದಿ ಕಳೀಲಿ, ಬರ್ತೀನಿ ಅಂದೆ. ಆ ಸಲ ಯುಗಾದಿ ಬಂದಿದ್ದು 2020ರ ಮಾರ್ಚ್ 25ಕ್ಕೆ. ಹಿಂದಿನ ರಾತ್ರಿ 8 ಗಂಟೆಗೆ ಪ್ರಧಾನಿ ಟಿವಿಯಲ್ಲಿ ಬಂದು 21 ದಿನ ಯಾರೂ ಹೊಸಿಲು ದಾಟಬೇಡಿ ಅಂದರು. ಬೇವು ಬೆಲ್ಲ ತರಲೂ ಹೋಗಲಿಲ್ಲ ನಾನು.

ಅಲ್ಲಿಯವರೆಗೆ ಮಧ್ಯಾಹ್ನದ ಊಟ ಒಂದು ಮೆಸ್ಸಿನಲ್ಲಿ ನಡೆಯುತ್ತಿತ್ತು. ಅದು ಮುಚ್ಚಿತು. ಸಂಜೆ ಬಸ್ ಸ್ಟ್ಯಾಂಡಿಗೆ ಹೋಗಿ ನಾಲ್ಕು ಸುತ್ತು ಹಾಕಿ, ರಿಟೈರ್ ಆದವರೆಲ್ಲ ಕೂರುವ ಬೆಂಚಿನಲ್ಲಿ ಕೂತು ಬರುತ್ತಿದ್ದೆ. ಅದೂ ನಿಂತಿತು. ಬಸ್ಸುಗಳು ಮತ್ತೆ ರಸ್ತೆಗಿಳಿದದ್ದು ಮೇ 19ಕ್ಕೆ. ಇಳಿದರೂ 65 ದಾಟಿದವರು ಮನೆಯಲ್ಲೇ ಇರಬೇಕು ಅಂತ ಸೂಚನೆ. ಹೀಗೆ ಒಬ್ಬ ಮನುಷ್ಯ, ಒಂದು ಒಲೆ.

ಒಬ್ಬನಿಗೆ ಮುದ್ದೆ ಮಾಡುವ ಕಷ್ಟ ಮಾಡಿದವರಿಗೇ ಗೊತ್ತು. ಎಸರು ಒಂದು ಲೋಟ, ಹಿಟ್ಟು ಒಂದು ಹಿಡಿ. ಕೋಲು ಹಾಕಿ ತಿರುವಿದರೆ ಹಿಟ್ಟಿನ ಬದಲು ಪಾತ್ರೆಯೇ ತಿರುಗುತ್ತದೆ. ಗಂಟು ಗಂಟು. ನಾಲ್ಕು ದಿನ ಹೋರಾಡಿ ಬಿಟ್ಟೆ. ಮಧ್ಯಾಹ್ನ ಅನ್ನ, ಏನಾದರೊಂದು ಸಾರು. ರಾತ್ರಿ ಯಾರಿಗೆ ಬೇಕು ಅಂತ ಒಂದು ಹಿಡಿ ಅವಲಕ್ಕಿಗೆ ಮಜ್ಜಿಗೆ ಸುರಿದುಕೊಂಡು ಮುಗಿಸುತ್ತಿದ್ದೆ. ಹಸಿವೂ ಇರುತ್ತಿರಲಿಲ್ಲ, ಅದೊಂದು ವಿಚಿತ್ರ. ಎದುರಿಗೆ ಯಾರಾದರೂ ತಿನ್ನುತ್ತಿದ್ದರೆ ಮಾತ್ರ ನಮಗೂ ಹಸಿವಾಗೋದು ಅಂತ ಕಾಣುತ್ತೆ. ಹೆಂಡತಿ ಹೋದ ಆರು ತಿಂಗಳಲ್ಲಿ 68 ಕೆ.ಜಿ. ಇದ್ದವನು 62ಕ್ಕೆ ಬಂದೆ. ಪ್ಯಾಂಟಿಗೆ ದಾರ ಕಟ್ಟಿಕೊಂಡೆ. ಸಕ್ಕರೆ ಕಾಯಿಲೆಯವನು ತೆಳ್ಳಗಾದರೆ ಒಳ್ಳೆಯದಲ್ವಾ ಅಂತ ಖುಷಿಯೂ ಪಟ್ಟೆ.

ಮಾತ್ರೆ ಮಾತ್ರ ತಪ್ಪಿಸಲಿಲ್ಲ. ಡ್ಯೂಟಿ ಅಂದರೆ ಡ್ಯೂಟಿ. ಬೆಳಿಗ್ಗೆ ಒಂದು, ರಾತ್ರಿ ಒಂದು. ಗ್ಲಿಮೆಪಿರೈಡ್ ಮತ್ತು ಮೆಟ್‌ಫಾರ್ಮಿನ್ ಸೇರಿಸಿದ ಮಾತ್ರೆ ಅದು. ಏಪ್ರಿಲ್‌ನಲ್ಲಿ ಮಾತ್ರೆ ಮುಗಿಯುತ್ತ ಬಂದಾಗ ನಾನು ಹೋಗುತ್ತಿದ್ದ ಕ್ಲಿನಿಕ್ಕಿಗೆ ಫೋನ್ ಮಾಡಿದೆ. ಫೋನಿನಲ್ಲೇ ನೋಡಬಹುದು ಅಂತ ಆಗ ತಾನೇ ಸರ್ಕಾರ ನಿಯಮ ಮಾಡಿತ್ತು. ಆ ಕಡೆಯವರು ಹಳೇ ಚೀಟಿಯ ಫೋಟೊ ಕಳಿಸಿ ಅಂದರು, ಕಳಿಸಿದೆ. ಎರಡು ನಿಮಿಷಕ್ಕೆ ಉತ್ತರ ಬಂತು: ‘ಅದೇ ಮಾತ್ರೆ ಮುಂದುವರಿಸಿ.’ ತೂಕ ಕೇಳಲಿಲ್ಲ. ಊಟ ಮಾಡ್ತಿದ್ದೀರಾ ಅಂತ ಕೇಳಲಿಲ್ಲ. ನಾನೂ ಹೇಳಲಿಲ್ಲ. ತಪ್ಪು ಇಬ್ಬರದೂ ಇದೆ ಅನ್ನಿ.

ಮೇ 4ಕ್ಕೆ ವೈನ್ ಶಾಪ್‌ಗಳನ್ನು ತೆಗೆದರು. ಊರೂರಲ್ಲೂ ಉದ್ದುದ್ದ ಸಾಲು, ಟಿವಿಯಲ್ಲಿ ತೋರಿಸಿದ್ದೇ ತೋರಿಸಿದ್ದು. ಅದಾಗಿ ಎರಡು ದಿನಕ್ಕೆ, ಬೆಳಿಗ್ಗೆ ಆರು ಗಂಟೆ ಇರಬಹುದು, ಹಾಲು ತೆಗೆದುಕೊಳ್ಳೋಣ ಅಂತ ಗೇಟಿನ ಹತ್ತಿರ ಹೋದೆ. ಗೇಟಿನ ಚಿಲಕ ತೆಗೆಯಲು ಬರಲಿಲ್ಲ. ಇಪ್ಪತ್ತು ವರ್ಷದಿಂದ ತೆಗೆಯುತ್ತಿರುವ ಚಿಲಕ. ಬೆರಳು ಅದರ ಮೇಲೇ ಇದೆ, ಮೇಲಕ್ಕೆ ಎತ್ತಬೇಕೋ ಪಕ್ಕಕ್ಕೆ ಎಳೆಯಬೇಕೋ ಗೊತ್ತಾಗುತ್ತಿಲ್ಲ. ಗೇಟು ಹಿಡಿದು ತೂರಾಡುತ್ತ ನಿಂತೆ. ಎದುರು ಮನೆಯವರು ಕಿಟಕಿಯಿಂದ ನೋಡುತ್ತಿದ್ದುದು ಕಾಣುತ್ತಿತ್ತು. ಏನೋ ಕೂಗಿದೆ. ನನ್ನ ಮಾತು ನನಗೇ ತೊದಲು ತೊದಲಾಗಿ ಕೇಳಿಸಿತು. ಒಳಗಿನಿಂದ ಒಂದು ದನಿ ಬಂತು: ‘ಮೊನ್ನೆ ಅಂಗಡಿ ತೆಗೆದ್ರಲ್ಲ, ಇವರೂ ಶುರು ಹಚ್ಕೊಂಡ್ರು ನೋಡು.’

ಜೀವಮಾನದಲ್ಲಿ ಒಂದು ತೊಟ್ಟು ಕುಡಿದವನಲ್ಲ ನಾನು. ಕುಡಿದು ಹತ್ತಿದವರನ್ನು ಎಷ್ಟು ಸಲ ಇಳಿಸಿದ್ದೇನೋ ಲೆಕ್ಕವಿಲ್ಲ. ಅವತ್ತಿನಿಂದ ಒಂದು ಅನುಮಾನ ಕಾಡುತ್ತಿದೆ. ಅವರಲ್ಲಿ ಒಬ್ಬಿಬ್ಬರಾದರೂ ಕುಡಿದವರಾಗಿರಲಿಲ್ಲವೇನೋ.

ಎದುರು ಮನೆಯವರನ್ನು ದೂರುತ್ತಿಲ್ಲ. ಅವರಿಗೆ ಕೊರೊನಾ ಹೆದರಿಕೆ. ಹಾಲು ಹಾಕುವ ಹುಡುಗ ಅವತ್ತು ಸ್ವಲ್ಪ ತಡವಾಗಿ ಬಂದ. ನನ್ನ ಬನಿಯನ್ ನೋಡಿದ. ಬೆಳಗಿನ ತಂಪಿನಲ್ಲೂ ನೀರಿನಲ್ಲಿ ಅದ್ದಿ ತೆಗೆದ ಹಾಗೆ ಬೆವರು. ‘ತಾತ, ರಾತ್ರಿ ಊಟ ಮಾಡಿದ್ರಾ?’ ಅಂದ. ಅವನ ಅಜ್ಜಿ ಇನ್ಸುಲಿನ್ ತೆಗೆದುಕೊಳ್ಳುವವರು, ಸಕ್ಕರೆ ಇಳಿದಾಗ ಹೀಗಾಗುವುದು ಅವನಿಗೆ ನೋಡಿ ಅಭ್ಯಾಸ. ಗೇಟು ಹಾರಿ ಬಂದು ಅಡುಗೆಮನೆಗೆ ನುಗ್ಗಿ, ಒಂದು ಲೋಟ ನೀರಿಗೆ ನಾಲ್ಕು ಚಮಚ ಸಕ್ಕರೆ ಹಾಕಿ ಕದಡಿ ಕುಡಿಸಿದ. ಕಾಲು ಗಂಟೆ ಬಿಟ್ಟು ಬೆರಳು ಚುಚ್ಚಿದರೆ ಮೀಟರಿನಲ್ಲಿ 64 ಬಂತು. ಸಕ್ಕರೆ ಕುಡಿದ ಮೇಲೆ 64 ಅಂದರೆ ಅದಕ್ಕೆ ಮೊದಲು ಎಷ್ಟಿತ್ತೋ. 70ಕ್ಕಿಂತ ಕೆಳಗಿಳಿದರೆ ಅಪಾಯದ ಕಡೆ ಹೊರಟಿದ್ದೇವೆ ಅಂತ ಲೆಕ್ಕ. ಇನ್ನೊಂದು ಲೋಟ ಕುಡಿಸಿದ. ಆಮೇಲೆ ನನ್ನ ಮುಂದೆ ಹಾಲು, ಬ್ರೆಡ್ಡು ಇಟ್ಟು, ‘ಪೂರ್ತಿ ತಿನ್ನೋ ತನಕ ನಾನು ಹೋಗಲ್ಲ, ನನ್ ಲೈನ್ ಎಲ್ಲಾ ಲೇಟಾಗುತ್ತೆ, ಬೇಗ ತಿನ್ನಿ’ ಅಂತ ಗದರಿಸಿದ. ನಾನು ಪ್ಯಾಸೆಂಜರ್‌ಗಳನ್ನು ಗದರುತ್ತಿದ್ದುದೂ ಹೀಗೇ.

ಜೂನ್‌ನಲ್ಲಿ ಸರ್ಕಾರಿ ಆಸ್ಪತ್ರೆಗೆ ಹೋದೆ. ಅಲ್ಲಿದ್ದ ಡಾಕ್ಟರಮ್ಮ ಚೀಟಿ ನೋಡುವ ಮೊದಲೇ ಕೇಳಿದ್ದು, ‘ಮನೇಲಿ ಯಾರಿದ್ದಾರೆ?’ 16 ವರ್ಷದಲ್ಲಿ ನನಗೆ ಆ ಪ್ರಶ್ನೆ ಹಾಕಿದ ಮೊದಲ ಡಾಕ್ಟರ್ ಅವರು. ಆಮೇಲೆ ಬಿಡಿಸಿ ಹೇಳಿದರು. ಗ್ಲಿಮೆಪಿರೈಡ್ ಅನ್ನುವುದು ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸುವ ಔಷಧಿ. ಹೊಟ್ಟೆಗೆ ಅನ್ನ ಬಿದ್ದಿದೆಯೋ ಇಲ್ಲವೋ ಅದು ನೋಡುವುದಿಲ್ಲ. ನಾನು ತೂಕ ಇಳಿದೆ, ಊಟ ಅರ್ಧ ಮಾಡಿದೆ, ಮಾತ್ರೆ ಮಾತ್ರ ಅಷ್ಟೇ ಇತ್ತು. ಜೊತೆಗೆ ವಯಸ್ಸಾದ ಹಾಗೆ ಕಿಡ್ನಿ ನಿಧಾನ, ಮಾತ್ರೆ ಮೈಯಲ್ಲಿ ಜಾಸ್ತಿ ಹೊತ್ತು ನಿಲ್ಲುತ್ತದೆ. ಸಕ್ಕರೆ ಇಳಿದರೆ ಎದೆ ಡವಡವ ಅನ್ನಬೇಕು, ಕೈ ನಡುಗಬೇಕು. ನಾನು ಬಿಪಿಗೆ ಅಟೆನೊಲಾಲ್ ತೆಗೆದುಕೊಳ್ಳುತ್ತೇನೆ, ಅದು ಆ ಡವಡವ, ನಡುಕ ಎರಡನ್ನೂ ಮುಚ್ಚಿಡುತ್ತದಂತೆ. ಉಳಿಯುವುದು ಬೆವರು ಒಂದೇ. ಮುದುಕರಿಗೆ ನಡುಕಕ್ಕಿಂತ ಮೊದಲು ಮಂಕು ಕವಿಯುವುದೂ ಉಂಟು. ಅರಳುಮರಳು ಅಂತಲೋ ಕುಡಿತ ಅಂತಲೋ ಜನ ಸುಮ್ಮನಾಗುತ್ತಾರೆ.

ಇನ್ನೊಂದು ಮಾತು ಹೇಳಿದರು, ಅದು ನನಗೆ ಎಲ್ಲಕ್ಕಿಂತ ಆಶ್ಚರ್ಯ. ಹಿಂದಿನ ಕ್ಲಿನಿಕ್ಕಿನಲ್ಲಿ ನನ್ನ ಮೂರು ತಿಂಗಳ ಸಕ್ಕರೆಯ ಸರಾಸರಿ, ಎಚ್‌ಬಿಎ1ಸಿ ಅಂತಾರಲ್ಲ, ಅದು 6.2 ಬಂದಿತ್ತು. ಅಲ್ಲಿ ಬೆನ್ನು ತಟ್ಟಿದ್ದರು. ಈ ಡಾಕ್ಟರಮ್ಮ ಅದನ್ನು ನೋಡಿ ಹುಬ್ಬು ಗಂಟು ಹಾಕಿದರು. ‘ನಲವತ್ತು ವರ್ಷದವರಿಗಾದ್ರೆ ಸರಿ. ಈ ಮಾತ್ರೆ ನುಂಗ್ತಾ, ಒಬ್ಬರೇ ಇರೋ ನಿಮಗೆ ಇದು ಭಾಳ ಕಮ್ಮಿಯಾಯ್ತು. ಏಳೂವರೆ, ಎಂಟರ ಒಳಗಿದ್ರೆ ನನಗೆ ಸಮಾಧಾನ’ ಅಂದರು. ಗ್ಲಿಮೆಪಿರೈಡ್ ಬಿಡಿಸಿ ಮೆಟ್‌ಫಾರ್ಮಿನ್ ಒಂದನ್ನೇ ಉಳಿಸಿದರು. ಅದೊಂದನ್ನೇ ತೆಗೆದುಕೊಂಡರೆ ಸಕ್ಕರೆ ಹೀಗೆ ಕುಸಿಯುವುದು ಅಪರೂಪವಂತೆ. ದಯವಿಟ್ಟು ಇದನ್ನು ಓದಿ ಯಾರೂ ನಾಳೆಯಿಂದ ಮಾತ್ರೆ ಬಿಡಬೇಡಿ. ಇದು ನನ್ನ ಟಿಕೆಟ್, ನನ್ನ ಸ್ಟೇಜಿಗೆ ಮಾತ್ರ. ನಿಮ್ಮದನ್ನು ನಿಮ್ಮ ಡಾಕ್ಟರ್ ಹರಿಯಬೇಕು.

ಕೊರೊನಾ ಕತೆ ಈಗ್ಯಾಕೆ ಅಂತ ಕೇಳಬಹುದು. ನಮ್ಮ ಬೀದಿಯಲ್ಲಿ 26 ಮನೆ ಇವೆ. ಏಳರಲ್ಲಿ ಬರೀ ವಯಸ್ಸಾದವರು. ಆ ಏಳರಲ್ಲಿ ಮೂರು ಮನೆಯಲ್ಲಿ ಒಬ್ಬೊಬ್ಬರೇ. ತಲೆ ಎಣಿಸೋದು ನನ್ನ ಹಳೇ ಚಾಳಿ, ಲೆಕ್ಕ ತಪ್ಪಿರಲಾರದು. ಮಕ್ಕಳು ಬೆಂಗಳೂರು, ಪುಣೆ, ಅಮೆರಿಕ. ಆ ಮನೆಗಳಿಗೆ ಲಾಕ್‌ಡೌನ್ ಇನ್ನೂ ತೆಗೆದಿಲ್ಲ. ಮಂಡಿನೋವು ಬಂದರೆ ಹೊಸಿಲು ದಾಟಲ್ಲ, ಮಳೆ ಹಿಡಿದರೆ ವಾರಗಟ್ಟಲೆ ದಾಟಲ್ಲ. ದೇಶದಲ್ಲಿ 10 ಕೋಟಿಗೂ ಹೆಚ್ಚು ಜನಕ್ಕೆ ಸಕ್ಕರೆ ಕಾಯಿಲೆ ಇದೆ ಅಂತ 2023ರಲ್ಲಿ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಅಧ್ಯಯನ ಹೇಳಿತು. ಆ 10 ಕೋಟಿಯಲ್ಲಿ ನಮ್ಮ ಬೀದಿಯ ಈ ಮೂರು ಮನೆಯಂಥವು ಎಷ್ಟಿವೆಯೋ.

ನಾನು ಈಗ ಹೇಗೆ ನಡೆಸುತ್ತಿದ್ದೇನೆ ಅಂತ ಸ್ವಲ್ಪ ಹೇಳುತ್ತೇನೆ, ಯಾರಿಗಾದರೂ ಉಪಯೋಗವಾದೀತು. ಒಂದು ನೋಟ್ ಬುಕ್ಕಿಗೆ ಅಡ್ಡಗೆರೆ, ಉದ್ದಗೆರೆ ಹಾಕಿ ವೇ ಬಿಲ್, ಅಂದರೆ ಕಂಡಕ್ಟರ್ ಲೆಕ್ಕ ಬರೆಯುವ ಹಾಳೆ, ಮಾಡಿಕೊಂಡಿದ್ದೇನೆ. ತಾರೀಕು, ಬೆಳಗಿನ ಸಕ್ಕರೆ, ಏನು ತಿಂದೆ, ಮಾತ್ರೆ ನುಂಗಿದ ಹೊತ್ತು. ಡಿಪೋದಲ್ಲಿ ಲೆಕ್ಕ ಕೊಡದೆ ಮನೆಗೆ ಬಂದವನಲ್ಲ ನಾನು, ಈಗ ಲೆಕ್ಕ ಬರೆಯದೆ ಮಲಗುವುದಿಲ್ಲ. ದಿನಾ ಚುಚ್ಚಿಕೊಳ್ಳುವುದಿಲ್ಲ. ಮೀಟರ್ ಅಗ್ಗ, ಸ್ಟ್ರಿಪ್ಪೇ ದುಬಾರಿ, ಒಂದಕ್ಕೆ 20 ರೂಪಾಯಿ ಆಸುಪಾಸು. ವಾರಕ್ಕೆ ಎರಡು, ಮೈ ಸರಿಯಿಲ್ಲದ ದಿನ ಇನ್ನೊಂದು. ಬೆರಳಿನ ತುದಿಗೆ ಚುಚ್ಚಬಾರದು, ಪಕ್ಕಕ್ಕೆ ಚುಚ್ಚಬೇಕು, ನೋವು ಕಮ್ಮಿ. ಕೈ ತೊಳೆದೇ ಚುಚ್ಚಬೇಕು. ಇದನ್ನು ಕಲಿತದ್ದು ಒಂದು ರಸಪುರಿ ಹಣ್ಣಿನಿಂದ. ಹಣ್ಣು ಹೆಚ್ಚಿ, ಒಂದೇ ಒಂದು ಹೋಳು ಬಾಯಿಗೆ ಹಾಕಿಕೊಂಡು, ಉಳಿದದ್ದನ್ನು ಪಕ್ಕದ ಮನೆಗೆ ಕೊಟ್ಟು, ಪುಣ್ಯವಂತನ ಹಾಗೆ ಕೂತು ಬೆರಳು ಚುಚ್ಚಿದೆ. 340 ತೋರಿಸಿತು. ಎದೆ ಒಡೆದು ಹೋಯಿತು. ಮಗಳಿಗೆ ಫೋನ್ ಮಾಡಿದೆ. ‘ಅಪ್ಪಾ, ಸೋಪು ಹಾಕಿ ಕೈ ತೊಳ್ಕೊಂಡು ಇನ್ನೊಂದ್ಸಲ ನೋಡಿ’ ಅಂದಳು. 152. ಬೆರಳಿಗೆ ಅಂಟಿದ್ದ ಮಾವಿನ ರಸದ ಸಕ್ಕರೆಯನ್ನೇ ಮೀಟರ್ ಅಳೆದಿತ್ತು. 20 ರೂಪಾಯಿ ದಂಡ.

ಕಾಲಿನದು ಇನ್ನೊಂದು ಪಾಡು. ನನ್ನ ಪಾದಕ್ಕೆ ಸ್ಪರ್ಶ ಕಮ್ಮಿ. ಮುಳ್ಳು ಚುಚ್ಚಿದರೂ ಗೊತ್ತಾಗಲ್ಲ. ಬಗ್ಗಿ ಅಂಗಾಲು ನೋಡಿಕೊಳ್ಳೋಣ ಅಂದರೆ ಸೊಂಟ ಒಪ್ಪಲ್ಲ. ಅದಕ್ಕೆ ಹೆಂಡತಿಯ ಕೈಗನ್ನಡಿಯನ್ನು ನೆಲದ ಮೇಲಿಟ್ಟು, ಸ್ಟೂಲಿನ ಮೇಲೆ ಕೂತು, ಪಾದವನ್ನು ಅದರ ಮೇಲೆ ಹಿಡಿದು ನೋಡುತ್ತೇನೆ. ರಾತ್ರಿ ಒಂದು, ಬೆಳಿಗ್ಗೆ ಒಂದು ಸಲ. ಕನ್ನಡಿಯ ಮೂಲೆಯಲ್ಲಿ ಅವಳು ಅಂಟಿಸಿಟ್ಟ ಒಂದು ಮರೂನ್ ಟಿಕ್ಲಿ ಇನ್ನೂ ಇದೆ. ಹೋದ ವರ್ಷ ಹಿಮ್ಮಡಿಯ ಹತ್ತಿರ ಅಂಥದ್ದೇ ಒಂದು ಕೆಂಪು ಚುಕ್ಕೆ ಕಂಡಿತು. ಟಿಕ್ಲಿಯೇ ಅಂಟಿಕೊಂಡಿತೇನೋ ಅಂದುಕೊಂಡೆ. ಅಲ್ಲ, ಚಪ್ಪಲಿಯ ಮೊಳೆ ಚುಚ್ಚಿದ ಗಾಯ. ಅವತ್ತೇ ಡ್ರೆಸ್ಸಿಂಗ್ ಮಾಡಿಸಿದೆ, ಹತ್ತು ದಿನಕ್ಕೆ ಮಾಯಿತು.

ಮುದ್ದೆಗೆ ವಾಪಸ್ ಬಂದಿದ್ದೇನೆ, ಕಿತ್ತಳೆ ಗಾತ್ರದ್ದು. ರಾಗಿ ಎಷ್ಟು ತಿಂದರೂ ಸಕ್ಕರೆ ಏರಲ್ಲ ಅನ್ನುವುದು ಸುಳ್ಳು, ಅದೂ ಹಿಟ್ಟೇ ತಾನೇ. ಕಾಳು, ಸೊಪ್ಪಿನ ಸಾರು ಜಾಸ್ತಿ ಹಾಕಿಕೊಳ್ಳುತ್ತೇನೆ. ದಿಂಬಿನ ಪಕ್ಕ ಒಂದು ಡಬ್ಬಿಯಲ್ಲಿ ಸಕ್ಕರೆ, ಒಂದು ಬಾಟಲಿ ನೀರು. ಎದುರು ಮನೆಯವರ ಹತ್ತಿರ ಒಂದು ಬೀಗದ ಕೈ ಕೊಟ್ಟಿದ್ದೇನೆ. ಹೌದು, ಅದೇ ಎದುರು ಮನೆಯವರು. ಪ್ರಜ್ಞೆ ಇದ್ದು, ನುಂಗಲು ಆಗುತ್ತಿದ್ದರೆ ಸಕ್ಕರೆ ನೀರು ಕೊಡಿ. ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ಏನೂ ಹಾಕಬೇಡಿ, 108ಕ್ಕೆ ಫೋನ್ ಮಾಡಿ. ಇಷ್ಟನ್ನು ದಪ್ಪ ಅಕ್ಷರದಲ್ಲಿ ಬರೆದು ಬಾಗಿಲ ಹಿಂದೆ ಅಂಟಿಸಿದ್ದೇನೆ.

ಎಲ್ಲಕ್ಕಿಂತ ಹೆಚ್ಚಾಗಿ ನನ್ನನ್ನು ಕಾಪಾಡುತ್ತಿರುವುದು ಒಂದು ಮಿಸ್ಡ್ ಕಾಲ್. 2021ರ ಮಾರ್ಚ್‌ನಲ್ಲಿ 60 ದಾಟಿದವರಿಗೆ ಲಸಿಕೆ ಶುರುವಾದಾಗ ಆಸ್ಪತ್ರೆಯ ಸಾಲಿನಲ್ಲಿ ನಮ್ಮ ಹಳೇ ಡ್ರೈವರ್ ಸಿಕ್ಕಿದರು, 2004ರಲ್ಲಿ ಶುಗರ್ ನೋಡ್ಸಿ ಅಂದವರೇ. ಅವರೂ ಈಗ ಒಬ್ಬರೇ, ಹೊಳೆನರಸೀಪುರದಲ್ಲಿ. ನಾನು ಮೇ ತಿಂಗಳ ಕತೆ ಹೇಳಿದೆ. ‘ಅಲ್ರೀ, ವಿಷಲ್ ಹೊಡಿಯೋರಿಲ್ದೆ ಗಾಡಿ ಬಿಟ್ಟಂಗಾಯ್ತಲ್ಲ’ ಅಂದರು. ಅಲ್ಲೇ ನಿಂತು ಏರ್ಪಾಡು ಮಾಡಿಕೊಂಡೆವು. ಬೆಳಿಗ್ಗೆ 7ಕ್ಕೆ ನಾನು ಅವರಿಗೆ ರಿಂಗ್ ಕೊಡಬೇಕು. ಅವರು ಅರಸೀಕೆರೆಯಲ್ಲಿರುವ ನಮ್ಮ ಹಳೇ ಮೆಕ್ಯಾನಿಕ್‌ಗೆ. ಮೆಕ್ಯಾನಿಕ್ ತಿರುಗಿ ನನಗೆ. ಎರಡು ರಿಂಗ್ ಆಗಿ ಕಟ್ ಆದರೆ ರೈಟ್. ಯಾರೂ ಎತ್ತುವುದಿಲ್ಲ, ಖರ್ಚೂ ಇಲ್ಲ. ಏಳೂವರೆಯಾದರೂ ರಿಂಗ್ ಬರದಿದ್ದರೆ ಮುಂದಿನವನು ರಿಂಗ್ ಕೊಡಬೇಕಿದ್ದವನ ಪಕ್ಕದ ಮನೆಗೆ ಫೋನ್ ಮಾಡಬೇಕು. ನಾಲ್ಕೂವರೆ ವರ್ಷದಲ್ಲಿ ಮೂರು ಸಲ ಹಾಗೆ ಮಾಡಿದ್ದೇವೆ. ಎರಡು ಸಲ ಚಾರ್ಜ್ ಹೋಗಿತ್ತು. ಒಂದು ಸಲ ಮೆಕ್ಯಾನಿಕ್ ಬಚ್ಚಲಲ್ಲಿ ಬಿದ್ದಿದ್ದರು. ಈಗ ಓಡಾಡುತ್ತಿದ್ದಾರೆ.

ಹಿರಿಯರ ಸಹಾಯವಾಣಿ 14567 ಇದೆ. ಒಳ್ಳೆಯದೇ. ಆದರೆ ಅದಕ್ಕೆ ಫೋನ್ ಮಾಡಬೇಕಾದವನು ನಾನು. ಗೇಟಿನ ಚಿಲಕವೇ ತೆಗೆಯಲು ಬಾರದವನು ಐದು ಅಂಕಿ ಒತ್ತುವುದೆಲ್ಲಿಂದ ಬಂತು? ನಮ್ಮಂಥವರಿಗೆ ಬೇಕಾದದ್ದು ಆ ಕಡೆಯಿಂದ ಬರುವ ಫೋನು.

ನಾನು ಕೇಳುವುದು ದೊಡ್ಡದೇನಲ್ಲ. ಆಸ್ಪತ್ರೆಯ ಚೀಟಿಯಲ್ಲಿ ಹೆಸರು, ವಯಸ್ಸು, ತೂಕ, ಬಿಪಿ ಅಂತ ಕಾಲಂಗಳಿರುತ್ತವಲ್ಲ, ಅದರ ಕೆಳಗೆ ಇನ್ನೊಂದು ಸೇರಿಸಿ: ಮನೆಯಲ್ಲಿ ಯಾರಿದ್ದಾರೆ? ಒಬ್ಬರೇ ಅಂತ ಬರೆದಿದ್ದರೆ ಮಾತ್ರೆ ಬರೆಯುವ ಡಾಕ್ಟರ ಕೈ ಒಂದು ಕ್ಷಣ ನಿಲ್ಲುತ್ತದೆ. ಸರ್ಕಾರ 2024ರಲ್ಲಿ ಕೋಲಾರದಿಂದ ಗೃಹ ಆರೋಗ್ಯ ಯೋಜನೆ ಶುರು ಮಾಡಿದೆ, ಮನೆ ಬಾಗಿಲಿಗೇ ಬಂದು ಬಿಪಿ, ಸಕ್ಕರೆ ನೋಡುತ್ತಾರೆ. ಆ ಫಾರಂನಲ್ಲೂ ಈ ಪ್ರಶ್ನೆ ಇರಲಿ, ಜೊತೆಗೆ ಇನ್ನೊಂದು: ರಾತ್ರಿ ಏನು ಊಟ ಮಾಡಿದಿರಿ? ಬರುವ ಆಶಾ ತಾಯಂದಿರಿಗೆ ಕೆಲಸ ಮೊದಲೇ ಜಾಸ್ತಿ, ಸಂಬಳ ಕಮ್ಮಿ, ಗೊತ್ತು. ಎರಡು ಪ್ರಶ್ನೆಗೆ ಒಂದು ನಿಮಿಷ ಸಾಕು. ಓದುಗರಲ್ಲಿ ನನ್ನ ಹಾಗೆ ಒಬ್ಬರೇ ಇರುವವರ ಅಕ್ಕಪಕ್ಕದವರು ಇದ್ದರೆ, ಅವರ ಮನೆ ಮುಂದೆ ಹಾಲಿನ ಪ್ಯಾಕೆಟ್ ಎಂಟು ಗಂಟೆಯಾದರೂ ಬಿದ್ದಿದ್ದರೆ, ಒಂದು ಸಲ ಬಾಗಿಲು ಬಡಿಯಿರಿ.

ಪತ್ರ ಉದ್ದವಾಯಿತು. ಜಾಗ ಸಾಲದಿದ್ದರೆ ಮಾವಿನಹಣ್ಣಿನ ಕತೆ ಕತ್ತರಿಸಿ, ಮುದ್ದೆಯದೂ ಬೇಕಾದರೆ ಕತ್ತರಿಸಿ. ಚೀಟಿಯ ಕಾಲಂ ವಿಷಯ ಮಾತ್ರ ಬಿಡಬೇಡಿ. ಹೆಸರು ಹಾಕಬೇಡಿ. ಮೇ ತಿಂಗಳ ಗೇಟಿನ ಕತೆ ಮಗಳಿಗೆ ನಾನು ಇನ್ನೂ ಹೇಳಿಲ್ಲ, ಅವಳು ಪುಣೆಯಲ್ಲಿ ಕೂತು ನಿಮ್ಮ ಪತ್ರಿಕೆಯನ್ನು ಮೊಬೈಲ್‌ನಲ್ಲಿ ಓದುತ್ತಾಳೆ.

ಇಂತಿ,
ಒಬ್ಬ ನಿವೃತ್ತ ಕಂಡಕ್ಟರ್
ಹಾಸನ